ದಾರಿಹೋಕನ ಗಂಟು

ಕೊಟ್ಟೂರು ಗುರುಬಸವೇಶ್ವರನ ತೇರಿಗೆ ಮೊದಲ ಸಲ ನಡೆದು ಹೋದಾಗ ನನಗೆ ಇಪ್ಪತ್ತೆರಡು ವರುಷ. ಗುಡೇಕೋಟೆಯಿಂದ ನಸುಕಿನಲ್ಲಿ ಹೊರಟೆವು. ನನ್ನ ಹೆಗಲಿಗೆ ಪೇಟೆಯಿಂದ ತಂದ ಹೊಸ ಚೀಲ. ಅದರೊಳಗೆ ಎರಡು ಜೊತೆ ಬಟ್ಟೆ, ಒಂದು ಜಮಖಾನೆ, ಮೇಲೆ ಹೊದೆಯಲು ಒಂದು ದುಪ್ಪಟಿ, ಎರಡು ಟವೆಲು, ಹಿತ್ತಾಳೆಯ ತಂಬಿಗೆ, ದೊಡ್ಡ ಟಾರ್ಚು, ದಾರಿಯಲ್ಲಿ ಓದಲೆಂದು ಒಂದು ದಪ್ಪ ಕಾದಂಬರಿ, ಅವ್ವ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ. ಕೂಡ್ಲಿಗಿ ಇನ್ನೂ ದೂರವಿರುವಾಗಲೇ ಚೀಲದ ಪಟ್ಟಿ ಹೆಗಲನ್ನು ಕೊರೆಯತೊಡಗಿತು. ಒಂದು ಹುಣಸೆಮರದ ಕೆಳಗೆ ಅದನ್ನು ಇಳಿಸಿ ಕೂತೆ. ಹಿಂದಿನಿಂದ ಬಂದ ಒಬ್ಬ ಅಜ್ಜಿ ನಿಂತು ನನ್ನನ್ನೂ ಚೀಲವನ್ನೂ ನೋಡಿ, “ಏನಪಾ ತಮ್ಮಾ, ತೇರಿಗೆ ಹೊಂಟೀಯೋ, ಮನಿ ಬದ್ಲಿ ಮಾಡಾಕ ಹೊಂಟೀಯೋ?” ಎಂದು ಕೇಳಿದಳು.

ಅವಳ ತಲೆಯ ಮೇಲೆ ಒಂದು ಗಂಟು ಮಾತ್ರ ಇತ್ತು. ಮಧ್ಯಾಹ್ನ ಅದನ್ನು ಬಿಚ್ಚಿದಾಗ ನೋಡಿದೆ: ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಕಟಕ ರೊಟ್ಟಿ, ಸಣ್ಣ ಗಂಟಿನಲ್ಲಿ ಗುರೆಳ್ಳು ಪುಡಿ, ಎಲೆ ಅಡಕೆಯ ಚಂಚಿ, ಒಂದು ಅಲ್ಯೂಮಿನಿಯಮ್ ಲೋಟ. ಗಂಟು ಕಟ್ಟಿದ ಬಟ್ಟೆಯೇ ರಾತ್ರಿ ಹಾಸಿಗೆ, ಕಂಬಳಿಯೇ ಹೊದಿಕೆ. ಆ ಕಂಬಳಿಯನ್ನು ಹಗಲೆಲ್ಲ ಮಡಿಸಿ, ಗಂಟಿನ ಕೆಳಗೆ ಸಿಂಬೆಯಾಗಿ ಇಟ್ಟುಕೊಂಡಿದ್ದಳು. ಅವಳು ನನಗಿಂತ ಮೂರು ತಾಸು ಮೊದಲೇ ಕೊಟ್ಟೂರು ಮುಟ್ಟಿದ್ದಳೆಂದು ಆಮೇಲೆ ತಿಳಿಯಿತು.

ದೂರದ ನಡಿಗೆಗೆ ಏನನ್ನು ಹೊರಬೇಕು, ಏನನ್ನು ಬಿಡಬೇಕು ಎಂಬುದು ಈಚೆಗೆ ಪಾಶ್ಚಾತ್ಯ ದೇಶಗಳಲ್ಲಿ ಒಂದು ಶಾಸ್ತ್ರವೇ ಆಗಿದೆ. ಅಮೆರಿಕದ ರೇ ಜಾರ್ಡೀನ್ ಎಂಬಾತ 1990ರ ದಶಕದ ಮೊದಲಲ್ಲಿ ಈ ವಿಷಯಕ್ಕೆ ಪುಸ್ತಕ ಬರೆದ ಮೇಲೆ ಅಲ್ಲಿ ಚೀಲ, ಡೇರೆ, ಹಾಸಿಗೆಗಳನ್ನು ತಕ್ಕಡಿಯಲ್ಲಿಟ್ಟು ಗ್ರಾಂ ಲೆಕ್ಕದಲ್ಲಿ ತೂಗುವ ಒಂದು ಪಂಗಡವೇ ಹುಟ್ಟಿತು. ಊಟ, ನೀರು, ಉರುವಲು ಬಿಟ್ಟು ಉಳಿದ ಸಾಮಾನು ಹತ್ತು ಪೌಂಡಿಗಿಂತ, ಅಂದರೆ ಸುಮಾರು ನಾಲ್ಕೂವರೆ ಕಿಲೋಗ್ರಾಮಿಗಿಂತ ಕಡಿಮೆ ಇದ್ದರೆ ಅವನು ಅತಿ ಹಗುರದ ನಡಿಗೆಯವನು ಎಂದು ಅವರ ಗೊತ್ತು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸುವವರೂ ಅವರಲ್ಲಿ ಉಂಟು! ನಗಬೇಕೆನಿಸುತ್ತದೆ, ಆದರೆ ಹುಣಸೆಮರದ ಕೆಳಗೆ ಕಾದಂಬರಿ ಹೊತ್ತು ಕೂತವನಿಗೆ ನಗುವ ಹಕ್ಕು ಎಲ್ಲಿಯದು?

ಈ ಪುಸ್ತಕಗಳೆಲ್ಲ ಬರುವುದಕ್ಕೆ ಮುಂಚೆಯೇ, 1955ರಲ್ಲಿ, ಎಮ್ಮಾ ಗೇಟ್‌ವುಡ್ ಎಂಬ ಅರವತ್ತೇಳು ವರುಷದ ಮುದುಕಿ ಅಮೆರಿಕದ ಆಪಲೇಚಿಯನ್ ಬೆಟ್ಟದ ದಾರಿಯನ್ನು ತುದಿಯಿಂದ ತುದಿಗೆ ಒಬ್ಬಳೇ ನಡೆದಳು. ಆಗ ಅದರ ಉದ್ದ ಸುಮಾರು 2,050 ಮೈಲಿ. ಹನ್ನೊಂದು ಮಕ್ಕಳ ತಾಯಿ ಆಕೆ. ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ತಾನೇ ಹೊಲಿದ ಬಟ್ಟೆಚೀಲ, ಅದರಲ್ಲಿ ಒಂದು ಕಂಬಳಿ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಆಕೆಯ ಹೊರೆಯನ್ನು ಓದಿದಾಗಲೆಲ್ಲ ನನಗೆ ಕೊಟ್ಟೂರು ದಾರಿಯ ಅಜ್ಜಿಯೇ ಕಣ್ಣ ಮುಂದೆ ಬರುತ್ತಾಳೆ. ಆದರೆ ಗೇಟ್‌ವುಡ್ ಅಜ್ಜಿ ಆ ನಡಿಗೆಯ ಬಗ್ಗೆ ಸಿಟ್ಟೂ ಮಾಡಿಕೊಂಡಿದ್ದಳು. ಒಂದು ದಿನದ ನಡಿಗೆಗೆ ಒಂದರಂತೆ ತಂಗುವ ಗುಡಿಸಲು ಉಂಟೆಂದು ಪತ್ರಿಕೆಯಲ್ಲಿ ಓದಿ ಹೊರಟಿದ್ದಳು. ಹೋಗಿ ನೋಡಿದರೆ ಹಲವು ಮುರಿದು ಬಿದ್ದಿದ್ದವು, ಕೆಲವು ಸುಟ್ಟುಹೋಗಿದ್ದವು. ಎಷ್ಟೋ ರಾತ್ರಿ ದಾರಿಬದಿಯ ಮನೆಯವರೇ ಕರೆದು ಅನ್ನ ಹಾಕಿ ಮಲಗಿಸಿದರು. ಹಗುರ ಗಂಟು ಹೊತ್ತವನ ಉಳಿದ ಹೊರೆಯನ್ನು ಬೇರೆ ಯಾರೋ ಹೊತ್ತಿರುತ್ತಾರೆ. ನಮ್ಮ ಸೀಮೆಯ ನಡಿಗೆಯ ಚರಿತ್ರೆಯನ್ನು ಈ ಕಣ್ಣಿನಿಂದ ನೋಡಿದರೆ ಹೇಗೆ ಕಾಣುತ್ತದೆಂಬುದೇ ಇಲ್ಲಿಯ ವಿಷಯ.

ಮೊದಲು ಗಂಟನ್ನೇ ಬಿಚ್ಚೋಣ. ಗುಡೇಕೋಟೆ ಕೂಡ್ಲಿಗಿ ತಾಲ್ಲೂಕಿನ ಪೂರ್ವದ ಅಂಚಿನಲ್ಲಿ, ಮೊಳಕಾಲ್ಮೂರು ಕಡೆಗಿದೆ. ಮೊದಲು ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಪಾಳೆಯಗಾರರ ಕೋಟೆ, ಒಂದರ ಮೇಲೊಂದು ಪೇರಿಸಿದಂಥ ಗುಂಡುಗಲ್ಲು, ಕಾರೆಕಂಟಿ, ಜಾಲಿ. ಚಿತ್ರದುರ್ಗದ ಓಬವ್ವನಿಗೆ ಇದು ತವರು ಎಂದು ಊರವರು ಹೇಳಿಕೊಳ್ಳುತ್ತಾರೆ. ಸುತ್ತಲ ಗುಡ್ಡಗಳಲ್ಲಿ ಕರಡಿ ಹೆಚ್ಚು. 2013ರಲ್ಲಿ ಸರಕಾರ ಇದನ್ನು ಕರಡಿಧಾಮವೆಂದು ಸಾರಿತು. ಮಳೆ ಕಡಿಮೆಯ ಈ ನಾಡಿನಲ್ಲಿ ಕುರಿ ಸಾಕುವವರು ಮೇವನ್ನು ಹುಡುಕಿಕೊಂಡು ವರುಷದಲ್ಲಿ ಹಲವು ತಿಂಗಳು ಊರು ಬಿಟ್ಟು ನಡೆಯುತ್ತಾರೆ. ಅವರಿಗೆ ನಡಿಗೆ ಯಾತ್ರೆಯಲ್ಲ, ವಿನೋದವೂ ಅಲ್ಲ, ಬದುಕು. ತಲೆತಲಾಂತರದಿಂದ ತೂಗಿ ತೂಗಿ ಆರಿಸಿದ ಸಾಮಾನು ಅವರದು.

ಅದರಲ್ಲಿ ದೊಡ್ಡದು ಕಂಬಳಿ. ನಮ್ಮ ಮನೆಯ ಹಳೆಯ ಕರಿ ಕಂಬಳಿಯನ್ನು ಮೊನ್ನೆ ತೂಗಿದೆ: ಎರಡು ಕಿಲೋಗೆ ತುಸು ಕಡಿಮೆ. ಅಮೆರಿಕದವನ ತಕ್ಕಡಿಯಲ್ಲಿ ಇದು ಬಲು ಭಾರ. ಆದರೆ ಅವನು ಡೇರೆ, ಹಾಸಿಗೆ, ಹೊದಿಕೆ, ಮಳೆಯಂಗಿ, ಕೂರುವ ಚಾಪೆ ಎಂದು ಐದು ಸಾಮಾನು ಹೊರುತ್ತಾನೆ. ಕುರುಬನಿಗೆ ಐದೂ ಇದೊಂದೇ. ಮಳೆ ಬಂದರೆ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಳ್ಳುತ್ತಾನೆ. ನೀರು ಬೆನ್ನಮೇಲೆ ಹರಿದು ಹೋಗುತ್ತದೆ. ರಾತ್ರಿ ಅರ್ಧ ಹಾಸಿ ಅರ್ಧ ಹೊದೆಯುತ್ತಾನೆ. ಬಿಸಿಲಿಗೆ ನಾಲ್ಕು ಕೋಲಿನ ಮೇಲೆ ಎಳೆದು ಕಟ್ಟಿದರೆ ನೆರಳು. ಸೊಪ್ಪು ಕಡಿದರೆ ಹೊರೆ ಕಟ್ಟುವ ಬಟ್ಟೆ, ಹುಟ್ಟಿದ ಮರಿಗೆ ತೊಟ್ಟಿಲು. ಮೈಲಾರಲಿಂಗನ ಗೊರವಯ್ಯನ ಮೈಮೇಲೂ ಇದೇ ಕಂಬಳಿ. ದೇವರ ಹೆಸರಿನಲ್ಲಿ ಊರೂರು ತಿರುಗುವವನಿಗೆ ಕುರಿಗಾಹಿಯ ಉಡುಪೇ ಮಡಿಯುಡುಪು ಆದದ್ದು ಸಹಜವಾಗಿದೆ.

ಉಣ್ಣೆಯ ಗುಣ ಹೇಳದೆ ಮುಂದೆ ಹೋಗಲಾಗದು. ಹತ್ತಿಯ ಬಟ್ಟೆ ನೆನೆದರೆ ಮೈಗೆ ಅಂಟಿ ಚಳಿ ಹಿಡಿಸುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ನೀರಾವಿಯನ್ನು ಎಳೆಯೊಳಗೇ ಹೀರಿಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ; ಹೀರಿಕೊಳ್ಳುವಾಗ ತುಸು ಶಾಖವನ್ನೂ ಬಿಡುತ್ತದೆ. ಎಳೆ ಸುರುಳಿಯಾಗಿರುವುದರಿಂದ ನಡುವೆ ಗಾಳಿ ನಿಲ್ಲುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ನಮ್ಮ ನೇಕಾರರು ಇದಕ್ಕೆ ಇನ್ನೊಂದು ಕೈ ಸೇರಿಸಿದರು: ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿರುಸು ಮಾಡಿ ನೇಯುವುದು. ಹೊಸ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುವುದು ಈ ಗಂಜಿಯಿಂದ. ಕರಿ ಕುರಿಯ ಉಣ್ಣೆಗೆ ಬಣ್ಣದ ಹಂಗಿಲ್ಲ. ಪಕ್ಕದ ಚಳ್ಳಕೆರೆ ಸೀಮೆ ಈ ಕಂಬಳಿಗೆ ಹೆಸರಾದದ್ದು ಸುಮ್ಮನೆ ಅಲ್ಲ.

ಉಳಿದ ಸಾಮಾನು ಬೇಗ ಮುಗಿಯುತ್ತದೆ. ಎರಡು ಬಾಯಿಯ ಹಸಿಬೆ ಚೀಲ, ಹೆಗಲ ಹಿಂದಕ್ಕೂ ಮುಂದಕ್ಕೂ ಸಮತೂಕವಾಗಿ ಬೀಳುವಂಥದು. ನೀರಿಗೆ ಒಣಗಿದ ಸೋರೆಬುರುಡೆ. ಮಣ್ಣಿನ ಪಾತ್ರೆಗಿಂತ ಎಷ್ಟೋ ಹಗುರ, ಬಿದ್ದರೂ ಸುಲಭಕ್ಕೆ ಒಡೆಯದು. ಬೆಂಕಿಗೆ ಚಕಮಕಿ. ಕೊಂಬೆ ಎಳೆದು ಕೊಯ್ಯಲು ದೋಟಿ. ಅದೇ ಊರುಗೋಲು, ಅದೇ ಕರಡಿಗೆ ಹೆದರಿಸುವ ಬಡಿಗೆ, ಅದೇ ನೆರಳಿನ ಕಂಬ. ಒಂದು ಸಾಮಾನಿಗೆ ಒಂದೇ ಕೆಲಸ ಇದ್ದರೆ ಅದಕ್ಕೆ ಗಂಟಿನಲ್ಲಿ ಜಾಗವಿಲ್ಲ.

ಬುತ್ತಿಯ ಲೆಕ್ಕ ಇದಕ್ಕಿಂತ ಸೊಗಸಾಗಿದೆ. ನನ್ನ ಚಿತ್ರಾನ್ನದ ಡಬ್ಬಿಯಲ್ಲಿ ನಾನು ಹೊತ್ತದ್ದು ಬಹುಪಾಲು ನೀರು! ನೂರು ಗ್ರಾಂ ಬೆಂದ ಅನ್ನದಲ್ಲಿ ಸುಮಾರು 130 ಕ್ಯಾಲೊರಿ ಶಕ್ತಿ. ನೂರು ಗ್ರಾಂ ಶೇಂಗಾದಲ್ಲಿ 560ಕ್ಕೂ ಮೇಲೆ. ಜೋಳದ ರೊಟ್ಟಿ ಸಜ್ಜೆ ರೊಟ್ಟಿಗಳನ್ನು ಕಟಕಾಗುವ ತನಕ ಒಣಗಿಸುವುದು ಕೆಡದಿರಲೆಂದು ಮಾತ್ರವಲ್ಲ. ಒಲೆಯ ಮುಂದೆ ನೀರನ್ನು ಬಿಟ್ಟು ಬಂದರೆ ದಾರಿಯಲ್ಲಿ ಅದನ್ನು ಹೊರಬೇಕಾಗಿಲ್ಲ. ಚೂರಾದರೆ ಮಜ್ಜಿಗೆಯಲ್ಲೋ ಸಾರಿನಲ್ಲೋ ನೆನೆಸಿದರಾಯಿತು. ಇಲ್ಲಿ ಒಂದು ಮಾತು. ಶೇಂಗಾ ಚಟ್ನಿ ಹಿಂದಿನಿಂದ ಬಂದ ಬುತ್ತಿ ಎಂದು ನಾವು ಭಾವಿಸುತ್ತೇವೆ. ಶೇಂಗಾವೂ ಮೆಣಸಿನಕಾಯಿಯೂ ದಕ್ಷಿಣ ಅಮೆರಿಕದ ಕಡೆಯಿಂದ ಪೋರ್ಚುಗೀಸರ ಕಾಲದ ಮೇಲೆ ಬಂದವು. ಹಂಪೆಯ ಗುಡಿ ಕಟ್ಟಿದ ಮೊದಲ ತಲೆಮಾರಿನವರ ಬುತ್ತಿಯಲ್ಲಿ ಎರಡೂ ಇದ್ದಿರಲಾರವು. ಅಜ್ಜಿಯ ಗುರೆಳ್ಳು ಪುಡಿಗೆ ಆ ಮಾನ ಹೆಚ್ಚು.

ಇನ್ನು ಕಾಲು. 1969ರಲ್ಲಿ ಅಮೆರಿಕದ ಸೈನ್ಯದ ಶರೀರಶಾಸ್ತ್ರಜ್ಞರು ಅಳೆದು ನೋಡಿದರು: ಮೈಮೇಲೆ ಹೊತ್ತ ತೂಕಕ್ಕಿಂತ ಪಾದಕ್ಕೆ ಕಟ್ಟಿದ ಅಷ್ಟೇ ತೂಕ ನಾಲ್ಕರಿಂದ ಆರು ಪಟ್ಟು ದಣಿವು ತರುತ್ತದೆ. ಹಾಗಿದ್ದರೆ ನಮ್ಮ ಕುರಿಗಾಹಿಗಳು ಪದರ ಪದರ ತೊಗಲಿನ, ಮೊಳೆ ಬಡಿದ ಭಾರದ ಮೆಟ್ಟು ಮೆಟ್ಟುವುದೇಕೆ? ಜಾಲಿಮುಳ್ಳನ್ನು ತುಳಿದವನು ಈ ಪ್ರಶ್ನೆ ಕೇಳುವುದಿಲ್ಲ. ಅಡವಿಯಲ್ಲಿ ಮುಳ್ಳು ಮುರಿದು ಕೀವಾದರೆ ನಡಿಗೆ ನಿಂತಿತು, ಕುರಿ ಹಿಂಡು ಚದರಿತು. ಹಗುರವೇ ಎಲ್ಲ ಕಡೆಯೂ ಜಾಣತನ ಎನ್ನುವ ಶಾಸ್ತ್ರವನ್ನು ನಾನು ಒಪ್ಪದಿರುವುದು ಈ ಮೆಟ್ಟಿನ ದೆಸೆಯಿಂದ.

ತಲೆಹೊರೆಯ ವಿಚಾರವೂ ಸ್ವಾರಸ್ಯವಾದದ್ದು. ಪೂರ್ವ ಆಫ್ರಿಕದ ಕೀನ್ಯಾದಲ್ಲಿ ಲುಓ ಮತ್ತು ಕಿಕುಯು ಹೆಂಗಸರನ್ನು ಪರೀಕ್ಷಿಸಿದ ವಿಜ್ಞಾನಿಗಳು 1986ರಲ್ಲಿ ಪ್ರಕಟಿಸಿದ ಸಂಗತಿಯೆಂದರೆ, ತಮ್ಮ ಮೈತೂಕದ ಐದನೆಯ ಒಂದು ಪಾಲಿನವರೆಗೆ ಹೊತ್ತು ನಡೆದರೂ ಅವರಿಗೆ ಬರಿಗೈಯಲ್ಲಿ ನಡೆದುದಕ್ಕಿಂತ ಹೆಚ್ಚು ಶಕ್ತಿ ಖರ್ಚಾಗಲಿಲ್ಲ. ಚಿಕ್ಕಂದಿನಿಂದ ಬಂದ ಅಭ್ಯಾಸ, ಬೆನ್ನು ನೆಟ್ಟಗಿಟ್ಟು ಮೈಯನ್ನು ತೂಗಿಸಿಕೊಂಡು ಹೋಗುವ ನಡೆ. ಕೊಟ್ಟೂರು ದಾರಿಯ ಅಜ್ಜಿಯನ್ನು ಯಾರೂ ಅಳೆಯಲಿಲ್ಲ. ಅದಕ್ಕೂ ಮೀರಿ ಹೊತ್ತರೆ ಮಾತ್ರ ಕುತ್ತಿಗೆಯೂ ಮೊಣಕಾಲೂ ಸಾಲ ತೀರಿಸಬೇಕಾಗುತ್ತದೆ. ಕಟ್ಟಿಗೆ ಹೊರೆ ಹೊತ್ತು ಸವೆದ ಹೆಂಗಸರನ್ನು ಕೇಳಿದರೆ ಹೇಳುತ್ತಾರೆ.

ಗಂಟಿನ ಕಥೆ ಇಷ್ಟು. ಈಗ ದಾರಿಯ ಕಥೆ.

ಕೃಷ್ಣದೇವರಾಯನ ರಾಯಚೂರು ದಂಡಯಾತ್ರೆ 1520ರದು. ಅದನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಆನೆ, ಕುದುರೆ, ಕಾಲಾಳುಗಳ ಲೆಕ್ಕವನ್ನೆಲ್ಲ ಹೇಳುತ್ತ ಅವನು ಇನ್ನೊಂದು ಸಂಗತಿಯನ್ನೂ ಗುರುತಿಸುತ್ತಾನೆ: ಹನ್ನೆರಡು ಸಾವಿರ ಮಂದಿ ನೀರಾಳುಗಳು ತೊಗಲಿನ ತಿತ್ತಿಗಳನ್ನು ಹಿಡಿದು ದಾರಿಯುದ್ದಕ್ಕೂ ನಿಂತಿದ್ದರು, ನೀರು ತಂದುಕೊಡುವವರಿಲ್ಲದ ಯಾರೂ ಬಾಯಾರಿ ಸಾಯಬಾರದೆಂದು. ಆ ಕಾಲದ ಸಂಖ್ಯೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಏರ್ಪಾಟು ಮಾತ್ರ ನಂಬಬೇಕಾದ್ದು. ಒಂದು ಲೀಟರು ನೀರೆಂದರೆ ಒಂದು ಕಿಲೋ. ಬಿಸಿಲುನಾಡಿನಲ್ಲಿ ನಡೆಯುವವನಿಗೆ ದಿನಕ್ಕೆ ನಾಲ್ಕೈದು ಲೀಟರಾದರೂ ಬೇಕು. ಕಂಬಳಿ, ಬುತ್ತಿ, ಚೀಲ ಎಲ್ಲ ಸೇರಿದರೂ ಅಷ್ಟು ತೂಗುವುದಿಲ್ಲ. ದೂರ ನಡೆಯುವವನ ನಿಜವಾದ ಹೊರೆ ನೀರು. ಅದನ್ನು ದಾರಿ ಹೊತ್ತರೆ ಮಾತ್ರ ಅವನು ಹಗುರ.

ಇದನ್ನು ಅರಸರು ಮಾತ್ರ ತಿಳಿದಿರಲಿಲ್ಲ. ಅರವಟ್ಟಿಗೆ ಇಡಿಸಿದ್ದು, ಬಾವಿ ತೋಡಿಸಿದ್ದು, ಸಾಲುಮರ ನೆಡಿಸಿದ್ದು, ಛತ್ರಕ್ಕೆ ಹೊಲ ಬಿಟ್ಟದ್ದು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಪುಣ್ಯಕಾರ್ಯಗಳು. ಹಳೆಯ ದಾರಿಯ ಬದಿಗೆ ಗೋಡೆಯಿಲ್ಲದ ಕಲ್ಲಿನ ಮಂಟಪಗಳು ಇಂದಿಗೂ ಕಾಣುತ್ತವೆ. ಅವು ದಾರಿಹೋಕರ ಡೇರೆಗಳು. ಇನ್ನೊಂದು ಉಂಟು, ಈಗಿನವರು ನೋಡಿದರೂ ಗುರುತಿಸಲಾರರು: ಆಳೆತ್ತರದ ಎರಡು ಕಲ್ಲುಕಂಬ, ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಅದು ಹೊರೆಗಲ್ಲು. ತಲೆಹೊರೆ ಹೊತ್ತವರು ಇನ್ನೊಬ್ಬರ ಸಹಾಯವಿಲ್ಲದೆ ಹೊರೆಯನ್ನು ಅದರ ಮೇಲೆ ಸರಿಸಿ, ದಣಿವಾರಿಸಿಕೊಂಡು, ಬಗ್ಗದೆಯೇ ಮತ್ತೆ ತಲೆಗೇರಿಸಿಕೊಳ್ಳಬಹುದು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡೇ ತೀರಿಕೊಂಡ ಹೆಣ್ಣುಮಗಳ ನೆನಪಿಗೆ ಇಂಥ ಕಲ್ಲು ನಿಲ್ಲಿಸುವ ರೂಢಿ ದಕ್ಷಿಣ ಭಾರತದ ಹಲವು ಕಡೆ ಇತ್ತು. ಅವಳು ಇಳಿಸಲಾಗದೆ ಹೋದ ಹೊರೆಯನ್ನು ದಾರಿಹೋಕರೆಲ್ಲ ಅವಳ ಹೆಸರಿನಲ್ಲಿ ಇಳಿಸಲಿ ಎಂದು. ಇದಕ್ಕಿಂತ ದೊಡ್ಡ ಛತ್ರವನ್ನು ಯಾವ ದೊರೆ ಕಟ್ಟಿಸಿದ್ದಾನೆ?

ದಾರಿಯನ್ನು ನಂಬದೆ ಎಲ್ಲವನ್ನೂ ಜೊತೆಗೇ ಒಯ್ದವರ ಕಥೆ ಬೇರೆ. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. ಅರಕೆರೆಯ ಬಳಿ ಕಾಳಗ ಗೆದ್ದ. ಆದರೆ ಕೋಟೆ ಒಡೆಯುವ ಭಾರಿ ಫಿರಂಗಿಗಳು, ಅವನ್ನೆಳೆಯುವ ಸಾವಿರಾರು ಎತ್ತುಗಳು, ಅಧಿಕಾರಿಗಳ ಡೇರೆ ಮಂಚ ಮೇಜುಗಳು, ಒಬ್ಬೊಬ್ಬರ ಹಿಂದೆ ಹತ್ತಾರು ಆಳು. ಟಿಪ್ಪು ಸುತ್ತಲ ಮೇವು ದವಸಗಳನ್ನು ಕೈಗೆ ಸಿಗದಂತೆ ಮಾಡಿದ್ದ. ಮಳೆ ಹಿಡಿಯಿತು, ಎತ್ತುಗಳು ಸತ್ತವು. ಕಡೆಗೆ ಕನ್ನಂಬಾಡಿಯ ಕಡೆ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಹಿಂದಕ್ಕೆ ತಿರುಗಬೇಕಾಯಿತು. ಮರುವರುಷ ಅವನು ಗೆದ್ದದ್ದರಲ್ಲಿ ಲಂಬಾಣಿಗಳ ಹೇರೆತ್ತುಗಳ ಪಾಲು ದೊಡ್ಡದು. ಗಾಡಿಯಿಲ್ಲ, ರಸ್ತೆ ಬೇಕಿಲ್ಲ. ಎತ್ತಿನ ಬೆನ್ನಮೇಲೆ ಎರಡು ಗೋಣಿ, ದಾರಿಯ ಹುಲ್ಲೇ ಅದಕ್ಕೆ ಮೇವು. ಹೈದರ, ಟಿಪ್ಪುಗಳ ವೇಗಕ್ಕೆ ಅಮೃತಮಹಲಿನ ಎತ್ತುಗಳೇ ಕಾರಣವೆಂದು ಆಂಗ್ಲ ಸೇನಾನಿಗಳೇ ಕೊಂಡಾಡಿದ್ದುಂಟು.

1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಯೊಡನೆ ಬಳ್ಳಾರಿಯೂ ಕಂಪನಿಯ ಕೈಸೇರಿತು. ಅದರ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಹೆಚ್ಚು ಕಾಲ ಡೇರೆಯಲ್ಲೇ ಇದ್ದು ಊರೂರು ತಿರುಗಿದ. ಜನರನ್ನು ಅವರ ಹೊಲದಲ್ಲೇ ಕಂಡು ಮಾತಾಡಿದ ಅಧಿಕಾರಿ ಎಂದು ಅವನಿಗೆ ಒಳ್ಳೆಯ ಹೆಸರು, ಅದು ನ್ಯಾಯವಾದದ್ದೇ. ಆದರೆ ಆ ಶತಮಾನದಲ್ಲಿ ಸಾಹೇಬರ ಡೇರೆ ಒಂದೂರಿಂದ ಇನ್ನೊಂದೂರಿಗೆ ಹೋಗುತ್ತಿದ್ದುದು ಯಾರ ತಲೆಯ ಮೇಲೆ? ಊರಿನ ಬಡವರನ್ನು ಹಿಡಿದು ಸಾಮಾನು ಹೊರಿಸುವ ಬಿಟ್ಟಿ ಚಾಕರಿ ಮದರಾಸು ಪ್ರಾಂತದಲ್ಲೆಲ್ಲ ಇತ್ತು. ಅರವಟ್ಟಿಗೆಯಲ್ಲಿ ನೀರು ಕೊಡುವವನು ತಾನಾಗಿ ದಾರಿಹೋಕನ ಹೊರೆ ಹೊತ್ತವನು. ಬಿಟ್ಟಿಯವನ ತಲೆಗೆ ಅದನ್ನು ಏರಿಸಿದ್ದು. ಹಳೆಯ ಧರ್ಮದ ಮಾತಾಡುವಾಗ ಇನ್ನೊಂದನ್ನೂ ಮರೆಯಬಾರದು: ಆ ಅರವಟ್ಟಿಗೆಯ ನೀರೂ ಎಲ್ಲರ ಕೈಗೆ ಒಂದೇ ರೀತಿ ಬೀಳುತ್ತಿರಲಿಲ್ಲ. ಕೆಲವರು ದೂರ ನಿಂತು ಬೊಗಸೆಯೊಡ್ಡಬೇಕಾಗಿತ್ತು. ಕೆಲವರಿಗೆ ಮಂಟಪದ ನೆರಳೂ ಇರಲಿಲ್ಲ. ಅವರ ಗಂಟು ಅಷ್ಟರಮಟ್ಟಿಗೆ ಭಾರವಾಗಿತ್ತು.

ಕೊಟ್ಟೂರಿನ ದಾರಿಯಲ್ಲಿ ಈಗಲೂ ಹಳೆಯ ಏರ್ಪಾಟಿನ ಒಂದು ರೂಪ ಉಳಿದಿದೆ. ತೇರಿನ ಸಮಯಕ್ಕೆ ದಾವಣಗೆರೆ, ಹರಪನಹಳ್ಳಿ, ಚಿತ್ರದುರ್ಗಗಳ ಕಡೆಯಿಂದ ನಡೆದು ಬರುವವರಿಗೆ ಊರೂರಿನವರು ಪೆಂಡಾಲು ಹಾಕಿ ಮಂಡಕ್ಕಿ, ಮಜ್ಜಿಗೆ, ಅನ್ನ ಸಾರು ನೀಡುತ್ತಾರೆ. ಕಾಲಿಗೆ ಎಣ್ಣೆ ತಿಕ್ಕುವವರೂ ಇದ್ದಾರೆ. ನನ್ನ ಮೊದಲ ನಡಿಗೆಯಲ್ಲಿ ಚಿತ್ರಾನ್ನದ ಡಬ್ಬಿಯನ್ನು ನಾನು ತೆರೆಯಲೇ ಇಲ್ಲ. ಎರಡನೆಯ ದಿನ ಅದು ಹಳಸಿತ್ತು. ಆಮೇಲಿನ ವರುಷಗಳಲ್ಲಿ ನನ್ನ ಚೀಲ ಒಂದೊಂದೇ ಸಾಮಾನನ್ನು ಕಳೆದುಕೊಂಡಿತು. ಮೊದಲು ಹೋದದ್ದು ಕಾದಂಬರಿ.

ಆದರೆ ಆ ಏರ್ಪಾಟು ತೇರಿನ ನಾಲ್ಕು ದಿನದ್ದು. ಕುರಿಗಾಹಿಯ ನಡಿಗೆಗೆ ಪೆಂಡಾಲು ಹಾಕುವವರಿಲ್ಲ. ಹಿಂದೆ ಅವನು ಒಂದು ಬಾವಿಯಿಂದ ಇನ್ನೊಂದು ಬಾವಿಗೆ, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಲೆಕ್ಕ ಹಾಕಿ ನಡೆಯುತ್ತಿದ್ದ. ಸೋರೆಬುರುಡೆಯ ಎರಡು ಲೀಟರು ಅಲ್ಲಿಂದಲ್ಲಿಗೆ ಸಾಕಾಗುತ್ತಿತ್ತು. ಈಗ ತೆರೆದ ಬಾವಿಗಳು ಬಹಳಷ್ಟು ಬತ್ತಿವೆ, ಕೆಲವು ಕಸದ ಗುಂಡಿಗಳಾಗಿವೆ. ನೀರು ಕೊಳವೆಬಾವಿಯೊಳಕ್ಕೆ ಇಳಿದಿದೆ. ಅದರ ಬೀಗದ ಕೈ ಹೊಲದ ಒಡೆಯನ ಸೊಂಟದಲ್ಲಿದೆ.

ಹೋದ ಬೇಸಗೆಯಲ್ಲಿ ಗುಡೇಕೋಟೆಯ ಆಚೆ ಒಬ್ಬ ಕುರಿಗಾಹಿಯನ್ನು ಕಂಡೆ. “ಏನೇನು ಹೊತ್ತಿದೀಯಪ್ಪಾ?” ಎಂದು ಕೇಳಿದ್ದಕ್ಕೆ ನಗುತ್ತ ಎಲ್ಲ ತೋರಿಸಿದ. ಕಂಬಳಿ, ಹಸಿಬೆ, ದೋಟಿ ಹಾಗೆಯೇ ಇದ್ದವು. ಚಕಮಕಿಯ ಜಾಗಕ್ಕೆ ಲೈಟರು ಬಂದಿತ್ತು, ಜೊತೆಗೆ ಒಂದು ಮೊಬೈಲು, ಮಡಿಸಿದ ನೀಲಿ ಪ್ಲಾಸ್ಟಿಕ್ ತಾಡಪತ್ರಿ. ಎಲ್ಲ ಸೇರಿ ಅಮೆರಿಕದವರ ಹತ್ತು ಪೌಂಡಿನೊಳಗೇ ಬಂದೀತು. “ಇದೇನು ಭಾರ ಬಿಡ್ರಿ ಯಣ್ಣಾ, ನೀರಿಂದೇ ಭಾರ” ಎಂದು ಕತ್ತೆಯ ಕಡೆ ಕೈ ತೋರಿಸಿದ. ಹಿಂದೆ ನಡೆಯಲಾರದ ಎಳೆ ಮರಿಗಳನ್ನು ಕತ್ತೆಯ ಬೆನ್ನಿನ ಜೋಳಿಗೆಯಲ್ಲಿ ಕೂರಿಸುತ್ತಿದ್ದರು. ಅಲ್ಲೀಗ ಎರಡು ಕಡೆಗೂ ಇಪ್ಪತ್ತು ಲೀಟರಿನ ಎರಡು ಕ್ಯಾನು ತೂಗುತ್ತಿದ್ದವು. ಆ ಬೆಳಿಗ್ಗೆ ಹುಟ್ಟಿದ್ದ ಮರಿ ಅವನ ಕಂಬಳಿಯ ಮಡಿಕೆಯಲ್ಲಿತ್ತು.